ತವರಿಗೆ ಹೋದ ಮೂವತ್ತೊಂದು ಮಂದಿ

ಬಳ್ಳಾರಿ
3 ಮಾರ್ಚ್ 2024

ವಿರೂಪಮ್ಮ ಅಕ್ಕ ಅವರಿಗೆ ಅಂಜನಾ ಮಾಡುವ ನಮಸ್ಕಾರಗಳು.

ಪ್ರಶ್ನಾವಳಿಗಳ ಕಟ್ಟನ್ನು ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ಹೆಂಗಸರ ಹೆಸರು, ಮನೆಯ ವಿಷಯ ಇರುವ ಕಾಗದಗಳು ಅವು. ಫೋಟೊ ತೆಗೆದು ವಾಟ್ಸ್ಯಾಪಿಗೆ ಹಾಕಬಾರದು ಎಂದು ನಮ್ಮ ಗೈಡ್ ಚಿದಾನಂದಪ್ಪ ಸರ್ ಕಟ್ಟಪ್ಪಣೆ ಮಾಡಿದ್ದಾರೆ. ನಿಮ್ಮ ಫೋನು ಮನೆಮಂದಿಯ ಕೈಯಲ್ಲೆಲ್ಲ ಓಡಾಡುತ್ತದೆ ಎಂದು ನೀವೂ ಹೇಳಿದ್ದಿರಿ. ಹಾಗಾಗಿ ನಮಗಿಬ್ಬರಿಗೂ ಈ ಬಸ್ಸು, ಈ ಪತ್ರವೇ ಗತಿ.

ನನ್ನ ಪಿಎಚ್.ಡಿ.ಯ ಪ್ರಶ್ನೆ ಒಂದೇ. ಏಳು ತಿಂಗಳು ತುಂಬಿದ ಮೇಲೂ ಭತ್ತದ ನಾಟಿಗೆ ಹೋಗುವ ಬಸುರಿಯರ ಕೂಸುಗಳಿಗೆ ತೊಂದರೆ ಹೆಚ್ಚೋ, ಅಲ್ಲವೋ? ಹಚ್ಚೊಳ್ಳಿ ಮತ್ತು ಸುತ್ತಲಿನ ಊರುಗಳ ಆಶಾ ರಿಜಿಸ್ಟರಿನಿಂದ, ಮೂರು ವರ್ಷಗಳಲ್ಲಿ ಬಸುರಾದ ಇನ್ನೂರ ನಲವತ್ತು ಹೆಂಗಸರ ಹೆಸರು ಆರಿಸಿದ್ದೇವೆ. ಆಶಾ ಕಾರ್ಯಕರ್ತೆಯಾದ ನೀವು ಅವರನ್ನು ಕಂಡು ಖಾನೆಗಳನ್ನು ತುಂಬಿದರೆ ಸಾಕು. ಯಾರಾದರೂ ಸಿಗದಿದ್ದರೆ ಕೊನೆಯ ಷರಾ ಖಾನೆಯಲ್ಲಿ ಕಾರಣ ಬರೆಯಿರಿ.

ಸತ್ಯ ಹೇಳುತ್ತೇನೆ, ನನಗೆ ಸಂಖ್ಯಾಶಾಸ್ತ್ರವೆಂದರೆ ಭಯ. ಕೊಳಗಲ್ಲಿನ ಸಾಲೆಯಲ್ಲಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ನಾನು. ಈಗ ಸರ್ ಭಾನುವಾರ ಭಾನುವಾರ ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸುತ್ತಿದ್ದಾರೆ. ಫೆಲೋಶಿಪ್ಪಿನ ಅವಧಿ ಡಿಸೆಂಬರಿಗೆ ಮುಗಿಯುತ್ತದೆ.

ಇಂತಿ,
ಅಂಜನಾ


ಹಚ್ಚೊಳ್ಳಿ
17 ಮಾರ್ಚ್ 2024

ಅಂಜನಾ ಮೇಡಂ ಅವರಿಗೆ ವಿರೂಪಮ್ಮನ ನಮಸ್ಕಾರ.

ಅರವತ್ತೆರಡು ಫಾರಂ ಕಳಿಸಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಬರೆಯಲು ಕೂತರೆ ಸಾಲೆಯ ಪುಸ್ತಕದ ಕನ್ನಡ ಬರುತ್ತದೆ, ಬಾಯಿ ತೆರೆದರೆ ನಮ್ಮ ಕನ್ನಡ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಫಾರಂ ನೋಡಿ ನಮ್ಮ ಹೆಂಗಸರಿಗೆ ನಗು. "ಎಷ್ಟು ತಾಸು ಬಗ್ಗಿದ್ದಿ" ಅಂತ ಕೇಳಿದರೆ ಒಬ್ಬಾಕೆ, "ಗದ್ದ್ಯಾಗ ಗಡಿಯಾರ ಕಟಗೊಂಡು ಹೋಗ್ತಾರೇನಬೇ, ಸೂರ್ಯ ಮುಣುಗೋತನ ಬಗ್ಗಿರ್ತೀವಿ" ಅಂದಳು. ನಾನು ಹತ್ತು ತಾಸು ಎಂದು ಬರೆದುಕೊಂಡೆ. ಸೊಂಟದ ನೋವಿಗೆ ಒಂದು ಖಾನೆ ಇಡಬೇಕಿತ್ತು ನೀವು, ಎಲ್ಲರೂ ಅದನ್ನೇ ಹೇಳಿದರು.

ನಮ್ಮ ಮನೆಯಲ್ಲೂ ಒಂದು ಸುದ್ದಿ ಇದೆ. ಮಗ ಚನ್ನಬಸವನ ಹೆಂಡತಿ ಮೀನಾಕ್ಷಿಗೆ ಈಗ ಎರಡು ತಿಂಗಳು. ತುಂಬಿದ ಕೊಡ ಮುಟ್ಟಲು ಬಿಟ್ಟಿಲ್ಲ ನಾನು. ನಾಟಿ ಗುಂಪಿನ ಮೇಸ್ತ್ರಿ ಮಂಜಮ್ಮ ಮೊನ್ನೆ ಕಟ್ಟೆಯ ಮೇಲೆ ಕೂತು, "ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ. ನಿಮ್ಮ ಮನ್ಯಾಗ ಎರಡೂ ಕಾಲ ಸೊಸೀದ ಆಗ್ಯಾವಲ್ಲ ವಿರುಪಕ್ಕ" ಎಂದು ಛೇಡಿಸಿದಳು. ಆಗಲಿ ಬಿಡು ಅಂದೆ.

ವಿರೂಪಮ್ಮ


ಬಳ್ಳಾರಿ
28 ಏಪ್ರಿಲ್ 2024

ವಿರೂಪಮ್ಮ ಅಕ್ಕ,

ಕೊನೆಯ ಕಟ್ಟು ತಲುಪಿತು. ಇಷ್ಟು ಚೊಕ್ಕಟವಾಗಿ ತುಂಬಿದ ಫಾರಂಗಳನ್ನು ತಾವು ನೋಡಿಲ್ಲವೆಂದು ಸರ್ ಹೇಳಿದರು. ನನಗೆ ನಾನೇ ಪಾಸಾದಷ್ಟು ಖುಷಿಯಾಯಿತು.

ಒಂದು ತೊಡಕಿದೆ. ಮೂವತ್ತೊಂದು ಫಾರಂಗಳಲ್ಲಿ ಹೆಸರು, ಊರು ಬಿಟ್ಟರೆ ಬೇರೇನೂ ಇಲ್ಲ. ಷರಾದಲ್ಲಿ ಎಲ್ಲದಕ್ಕೂ "ತವರಿನಲ್ಲಿದ್ದಾಳೆ" ಎಂದು ಬರೆದಿದ್ದೀರಿ. ಬೇಸಿಗೆ, ಮಕ್ಕಳಿಗೆ ರಜೆ, ತವರಿಗೆ ಹೋಗುವುದು ಸಹಜವೇ. ಅವರು ವಾಪಸ್ಸಾದ ಮೇಲೆ ಇನ್ನೊಮ್ಮೆ ಕೇಳಲು ಆಗುತ್ತದೆಯೇ?

ಸರ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ನೂರಕ್ಕೆ ಹದಿಮೂರು ಖಾಲಿ. ಅದೇನು ದೊಡ್ಡದಲ್ಲಮ್ಮ, ಆ ಸಾಲು ತೆಗೆದು ಲೆಕ್ಕ ಮಾಡು" ಎಂದರು. ಸಿಗದವರು ಸಿಕ್ಕವರ ಹಾಗೆಯೇ ಇರುತ್ತಾರೆಂದು ಭಾವಿಸಿದರೆ ಹಾಗೆ ತೆಗೆಯಬಹುದಂತೆ. ಹೆಸರುಗಳನ್ನು ಕಂಪ್ಯೂಟರಿಗೆ ಹಾಕುವಂತಿಲ್ಲ, ಎಲ್ಲರಿಗೂ ಒಂದೊಂದು ನಂಬರು ಕೊಟ್ಟಿದ್ದೇನೆ. ಈಗ ನಿಮ್ಮ ಊರಿನ ಹೆಂಗಸರು ನನ್ನ ಪರದೆಯ ಮೇಲೆ ಸಾಲಾಗಿ ನಿಂತಿದ್ದಾರೆ.

ಮೀನಾಕ್ಷಿ ಹೇಗಿದ್ದಾಳೆ?

ಅಂಜನಾ


ಹಚ್ಚೊಳ್ಳಿ
9 ಮೇ 2024

ಅಂಜನಾಗೆ ಆಶೀರ್ವಾದ.

ಮೇಡಂ ಅನ್ನುವುದನ್ನು ಬಿಟ್ಟಿದ್ದೇನೆ, ನನ್ನ ಮಗನಿಗಿಂತ ಎರಡು ವರ್ಷ ಸಣ್ಣವಳು ನೀನು. ಕಾಲುವೆ ಒಣಗಿದೆ. ಹೊಸ್ತಿಲು ದಾಟಿದರೆ ತಲೆ ಸುಡುತ್ತದೆ. ಈ ಬಿಸಿಲಲ್ಲಿ ಮೀನಾಕ್ಷಿ ಒಳಗಿನ ಕೋಣೆಯ ನೆಲದ ಬಂಡೆಯ ಮೇಲೆ ಸೆರಗು ಹಾಸಿ ಮಲಗುತ್ತಾಳೆ. ನಿನ್ನೆ ಹೊಟ್ಟೆಯಲ್ಲಿ ಮೊದಲ ಸಲ ಅಲುಗಾಡಿತಂತೆ. "ಅತ್ತಿ, ಕೈ ಇಡು ಇಲ್ಲಿ" ಅಂದಳು. ಇಟ್ಟೆ. ನನ್ನ ಕೈಗೆ ಇನ್ನೂ ಸಿಗಲಿಲ್ಲ.

ಆ ಮೂವತ್ತೊಂದು ಮಂದಿಯ ಚಿಂತೆ ಬಿಡು. ಅವರು ಈಗ ಸಿಗುವವರಲ್ಲ. ನಿಮ್ಮ ಸರ್ ಹೇಳಿದಂತೆ ಮಾಡು, ಓದಿದವರಿಗೆ ಗೊತ್ತಿರುತ್ತದೆ.

ಗುರೆಳ್ಳು ಪುಡಿ ಕಳಿಸಿದ್ದೇನೆ. ಹಾಸ್ಟೆಲ್ಲಿನ ಸಾರಿಗೆ ಇದನ್ನು ಸುರಿದುಕೊಂಡರೆ ಗಂಟಲಿಗಿಳಿಯುತ್ತದೆ.

ವಿರೂಪಮ್ಮ


ಬಳ್ಳಾರಿ
16 ಜೂನ್ 2024

ಅಕ್ಕ,

ಫಲಿತಾಂಶ ಬಂತು. ಮೊದಲು ನಿಮಗೇ ತಿಳಿಸುತ್ತಿದ್ದೇನೆ.

ಇನ್ನೂರ ಒಂಬತ್ತು ಮಂದಿಯ ಲೆಕ್ಕ ಮಾಡಿದೆ. ಏಳು ತಿಂಗಳ ನಂತರವೂ ನಾಟಿಗೆ ಹೋದವರು ಎಂಬತ್ತೆಂಟು. ಅವರಲ್ಲಿ ಇಪ್ಪತ್ತೊಂದು ಮಂದಿಯ ಕೂಸಿಗೆ ತೊಂದರೆಯಾಗಿದೆ, ಹೆಚ್ಚಿನವು ತೂಕ ಕಡಿಮೆ ಇದ್ದವು. ಮನೆಯಲ್ಲೇ ಇದ್ದವರು ನೂರ ಇಪ್ಪತ್ತೊಂದು, ಅವರಲ್ಲಿ ಇಪ್ಪತ್ನಾಲ್ಕು. ಇಷ್ಟು ಸಣ್ಣ ವ್ಯತ್ಯಾಸ ಸುಮ್ಮನೆ ಆಕಸ್ಮಿಕವಾಗಿಯೂ ಬರಬಹುದು. ಅದನ್ನು ಅಳೆಯುವುದಕ್ಕೆ ಪಿ ಮೌಲ್ಯ ಅಂತ ಒಂದಿದೆ. ಅದು ರೂಪಾಯಿಗೆ ಐದು ಪೈಸೆಗಿಂತ ಕಡಿಮೆ ಇದ್ದರೆ ಸಂಬಂಧವಿದೆ ಎಂದು ಹೇಳುತ್ತೇವೆ. ನಮ್ಮದು ನಲವತ್ತೆಂಟು ಪೈಸೆ ಬಂದಿದೆ. ಸಂಬಂಧ ಕಂಡುಬಂದಿಲ್ಲ.

ಲೆಕ್ಕದಲ್ಲಿ ಫೇಲಾದ ಹುಡುಗಿ ಇದನ್ನು ತಾನೇ ಮಾಡಿದ್ದಾಳೆ, ನಂಬುತ್ತೀರಾ? ಸರ್ ಎಲ್ಲರೆದುರು ನನ್ನ ಹೆಸರು ಹೇಳಿದರು. ಊರಿನ ಹೆಂಗಸರಿಗೂ ತಿಳಿಯಲೆಂದು ಒಂದು ಪುಟ ಸರಳ ಕನ್ನಡದಲ್ಲಿ ಬರೆದಿದ್ದೇನೆ. ಅಂಗನವಾಡಿಯ ಗೋಡೆಗೆ ಅಂಟಿಸಿ.

ನಿಮ್ಮ
ಅಂಜನಾ


ಹಚ್ಚೊಳ್ಳಿ
14 ಜುಲೈ 2024

ಅಂಜನಾಗೆ ಆಶೀರ್ವಾದ.

ನಿನ್ನ ಕಾಗದ ಅಂಗನವಾಡಿಯ ಗೋಡೆಯ ಮೇಲಿದೆ. ಓದಲು ಬಾರದವರಿಗೆ ನಾನೇ ಓದಿ ಹೇಳಿದೆ. ನಾನು ಮನೆಮನೆ ತಿರುಗಿ ಬರೆದದ್ದು ಅಚ್ಚಾಗಿ ಬಂದಿದೆ ಎಂದು ನನಗೂ ಸ್ವಲ್ಪ ಹೆಮ್ಮೆ, ಸುಳ್ಳೇಕೆ ಹೇಳಲಿ.

ಈಗ ಒಂದು ಮಾತು ಕೇಳಬೇಕು. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾಯಿತು, ನಾಟಿ ಶುರುವಾಗುತ್ತದೆ. ಮಂಜಮ್ಮನ ಗುಂಪಿಗೆ ಆಳು ಸಾಲುತ್ತಿಲ್ಲ. ದಿನಾ ಬಂದು, "ಕಾಗದದಾಗ ಏನೂ ಆಗಂಗಿಲ್ಲ ಅಂತ ಬರದೈತಿ, ನೀನ ಓದಿ ಹೇಳಿ, ನಿನ್ನ ಸೊಸೀನ ಮಾತ್ರ ಒಳಗ ಇಟಗೊಂಡು ಕುಂತಿ" ಅನ್ನುತ್ತಾಳೆ. ಓಣಿಯ ಹೆಂಗಸರೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ. ಮೀನಾಕ್ಷಿಗೂ ಹೋಗುವ ಮನಸ್ಸು. "ಅತ್ತಿ, ನಾಕು ಗ್ವಾಡಿ ನೋಡಿ ನೋಡಿ ಸಾಕಾತು. ಗೆಳತ್ಯಾರ ಕೂಡ ಹಾಡು ಹೇಳಿಕೊಂತ ಒಂದ ವಾರ ಹೋಗಿ ಬರ್ತೀನಿ" ಅನ್ನುತ್ತಿದ್ದಾಳೆ. ಅವಳಿಗೆ ಏಳನೆಯದು ಹತ್ತುತ್ತದೆ.

ನನಗೆ ಒಳಗೊಳಗೇ ಅಂಜಿಕೆ. ಯಾಕೆ ಎಂದು ಕೇಳಬೇಡ, ಹೆಂಗಸಿನ ಅಂಜಿಕೆ ಅಂತಿಟ್ಟುಕೋ. ನೀನು ಓದಿದವಳು. ಕಳಿಸು ಅಂದರೆ ಕಳಿಸುತ್ತೇನೆ, ಬೇಡ ಅಂದರೆ ಮಂಜಮ್ಮನ ಬಾಯಿಗೆ ನಾನೇ ಬೀಗ ಹಾಕುತ್ತೇನೆ.

ವಿರೂಪಮ್ಮ


ಬಳ್ಳಾರಿ
19 ಜುಲೈ 2024

ಅಕ್ಕ,

ಅವಸರದಲ್ಲಿದ್ದೇನೆ. ನಾಡಿದ್ದು ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧವಿದೆ, ಚಿತ್ರಪಟಗಳು ಇನ್ನೂ ಮುಗಿದಿಲ್ಲ.

ನಿಮ್ಮ ಅಂಜಿಕೆಗೆ ಆಧಾರವಿಲ್ಲ. ಇನ್ನೂರ ಒಂಬತ್ತು ಮಂದಿಯ ಅಂಕಿ ಅಂಶ ಅದನ್ನೇ ಹೇಳುತ್ತಿದೆ. ಇಷ್ಟು ಕೆಲಸ ಮಾಡಿಕೊಟ್ಟ ನೀವೇ ನಂಬದಿದ್ದರೆ ಇನ್ನು ಯಾರು ನಂಬಬೇಕು? ಕಳಿಸಿ ಅಕ್ಕ. ಮಧ್ಯೆ ನೀರು ಕುಡಿಯಲು ಹೇಳಿ.

ಅಂಜನಾ


ಬಳ್ಳಾರಿ
25 ಆಗಸ್ಟ್ 2024

ಅಕ್ಕ,

ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ನಾಟಿಯ ಕಾಲ, ನಿಮಗೂ ಮೈತುಂಬ ಕೆಲಸವಿರಬೇಕು.

ನಮ್ಮ ಪ್ರಬಂಧ ಒಂದು ಪತ್ರಿಕೆಯಲ್ಲಿ ಪ್ರಕಟವಾಗುತ್ತಿದೆ. ಕೃತಜ್ಞತೆಯ ಸಾಲಿನಲ್ಲಿ ನಿಮ್ಮ ಹೆಸರಿದೆ. ಕೂಸಿಗೆಂದು ಬ್ರೂಸ್‌ಪೇಟೆಯಲ್ಲಿ ಒಂದು ಹಳದಿ ಕುಲಾವಿ ತೆಗೆದಿಟ್ಟಿದ್ದೇನೆ, ಹೆಣ್ಣಾದರೂ ಗಂಡಾದರೂ ನಡೆಯುತ್ತದೆ. ಬಸ್ಸಿಗೆ ಕೊಡಲೋ, ನಾನೇ ಬರಲೋ?

ಅಂಜನಾ


ಹಚ್ಚೊಳ್ಳಿ
22 ಸೆಪ್ಟೆಂಬರ್ 2024

ಅಂಜನಾ ಮೇಡಂ ಅವರಿಗೆ,

ಕುಲಾವಿ ಕಳಿಸಬೇಡಿ.

ಮೀನಾಕ್ಷಿ ಆರು ದಿನ ನಾಟಿಗೆ ಹೋದಳು. ಏಳನೆಯ ದಿನ ಕಾಲು ಬಾತಿವೆ ಎಂದು ಮನೆಯಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಕೈ ನಿಲ್ಲಿಸಿ, "ಅತ್ತಿ, ನಿನ್ನಿಯಿಂದ ಅಲುಗಾಡವಲ್ದು" ಅಂದಳು. ಟಂಟಂ ಆಟೊ ಮಾಡಿಕೊಂಡು ಸಿರುಗುಪ್ಪಕ್ಕೆ ಹೋದೆವು. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನನ್ನನ್ನು ಹೊರಗೆ ಕರೆದರು. ಎಷ್ಟೋ ಮಂದಿ ಬಸುರಿಯರನ್ನು ಅದೇ ಬಾಗಿಲಿಗೆ ಕರೆದೊಯ್ದವಳು ನಾನು, ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಹೆರಿಗೆ ಮಾಡಿಸಿದರು. ಗಂಡು. ಚನ್ನಬಸವ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ಕಾಲುವೆ ಆಚೆ ಮಣ್ಣು ಮಾಡಿದ.

ನಾಟಿಯಿಂದಲೇ ಹೀಗಾಯಿತು ಎಂದು ಡಾಕ್ಟರಮ್ಮ ಹೇಳಲಿಲ್ಲ. ನೂರು ಕಾರಣ ಇರುತ್ತವೆ ಅಂದರು. ನಾನೂ ಹೇಳುತ್ತಿಲ್ಲ.

ಹನ್ನೊಂದನೇ ದಿನ ಅವಳನ್ನು ಕುರುಗೋಡಿಗೆ, ತವರಿಗೆ ಕಳಿಸಿದೆವು. ನಮ್ಮಲ್ಲಿ ಹಾಗೆಯೇ. ಕೂಸು ಕಳೆದುಕೊಂಡವಳನ್ನು ಹಸುಗೂಸುಗಳಿರುವ ಓಣಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅವಳ ಕಣ್ಣು ಬೀಳುತ್ತದೆ ಅನ್ನುತ್ತಾರೆ. ವರ್ಷವಾಗಬಹುದು, ಎರಡಾಗಬಹುದು. ಯಾಕೆ ಹೋದಳೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹೋದ ಸಲವೂ ಹಾಗೆಯೇ ಕಳಿಸಿದ್ದೆವು.

ಅಂಗನವಾಡಿಯ ಗೋಡೆಯ ಕಾಗದ ಕಿತ್ತು ಹಾಕಿದ್ದೇನೆ.

ವಿರೂಪಮ್ಮ


ಬಳ್ಳಾರಿ
26 ಸೆಪ್ಟೆಂಬರ್ 2024

ಅಕ್ಕ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಕಳಿಸಿ ಎಂದವಳು ನಾನು. ಯಾಕೆ ಅಂಜಿಕೆ ಎಂದು ನಾನು ಕೇಳಲೂ ಇಲ್ಲ.

"ಹೋದ ಸಲವೂ" ಎಂದು ಬರೆದಿದ್ದೀರಿ. ಅದನ್ನು ಓದಿ ಬೀರುವಿನಿಂದ ಆ ಮೂವತ್ತೊಂದು ಕಾಗದಗಳನ್ನು ತೆಗೆದೆ. ನೂರ ಹದಿನೇಳನೇ ಫಾರಂ ಮೀನಾಕ್ಷಿಯದು. ಗಂಡನ ಹೆಸರು ಚನ್ನಬಸವ. ಷರಾ, ತವರಿನಲ್ಲಿದ್ದಾಳೆ. ನೀವು ಅದನ್ನು ಬರೆದ ದಿನ ಅವಳು ನಿಮ್ಮ ಮನೆಯಲ್ಲೇ ಇದ್ದಳಲ್ಲ ಅಕ್ಕ. ಪತ್ರದಲ್ಲಿ ಮೀನಾಕ್ಷಿ ಹೇಗಿದ್ದಾಳೆ ಎಂದು ಕೇಳಿದ ನಾನು ಆ ಹೆಸರನ್ನು ಒಮ್ಮೆಯೂ ಓದಿರಲಿಲ್ಲ. ನಂಬರು ಹಾಕಿದೆ, ಖಾಲಿ ಸಾಲು ಎಂದು ಅಳಿಸಿದೆ.

ನಿಮ್ಮನ್ನು ಕೇಳುವ ಮುಖ ನನಗಿಲ್ಲ, ಆದರೂ ಕೇಳಬೇಕಾಗಿದೆ. ಉಳಿದ ಮೂವತ್ತು ಮಂದಿ ಯಾಕೆ ತವರಿಗೆ ಹೋದರು?

ಅಂಜನಾ


ಹಚ್ಚೊಳ್ಳಿ
13 ಅಕ್ಟೋಬರ್ 2024

ಮೇಡಂ ಅವರಿಗೆ,

ಹೌದು, ಅದು ಸುಳ್ಳು. ಎರಡು ವರ್ಷದ ಹಿಂದೆ ಮೀನಾಕ್ಷಿಗೆ ಹೆಣ್ಣು ಕೂಸು ಹುಟ್ಟಿ ಒಂದು ದಿನ ಉಳಿಯಿತು. ಆಗಲೂ ಎಂಟನೇ ತಿಂಗಳವರೆಗೆ ನಾಟಿಗೆ ಹೋಗಿದ್ದಳು. ತವರಿನಲ್ಲಿ ವರ್ಷ ಇದ್ದು ಬಂದಳು. ನಮ್ಮ ಮನೆಯ ಆ ಮಾತನ್ನು ನನ್ನ ಕೈಯಾರೆ ಹೇಗೆ ಬರೆಯಲಿ? ಮನೆಮನೆಗೆ ಹೋಗಿ ಬಸುರಿಯರಿಗೆ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗಾಯಿತು ಎಂದು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ಖಾಲಿ ಬಿಟ್ಟೆ.

ಬೇರೆ ಮನೆಗಳಲ್ಲೂ ಹಾಗೆಯೇ. "ಆಕಿ ಇಲ್ರಿ, ತವರಿಗೆ ಹೋಗ್ಯಾಳ, ಅಷ್ಟ ಬರಕೊಳ್ರಿ" ಎಂದು ಅತ್ತೆಯರು ಬಾಗಿಲಲ್ಲೇ ನಿಂತು ಹೇಳಿದರು. ನನಗೆ ಕಾರಣ ಗೊತ್ತಿತ್ತು. ಅವರಿಗೆ ನನ್ನ ಮನೆಯದು ಗೊತ್ತಿತ್ತು. ಹೆರಿಗೆ ತವರಿನಲ್ಲಾದರೆ ಕೂಸು ಹೋದದ್ದೂ ತವರಿನ ಊರಿನ ಪುಸ್ತಕಕ್ಕೆ ಹೋಗುತ್ತದೆ, ನಮ್ಮ ರಿಜಿಸ್ಟರಿಗೆ ಬರುವುದಿಲ್ಲ. ಸಿಗದವರೂ ಸಿಕ್ಕವರ ಹಾಗೇ ಅಂತ ನೀವು ಬರೆದಿದ್ದಿರಿ. ಅದನ್ನು ಓದಿದಾಗಲೇ ನಾನು ಅಲ್ಲ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಓದಿದವರಿಗೆ ಗೊತ್ತಿರುತ್ತದೆ ಅಂದುಕೊಂಡೆ.

ದಸರಾ ರಜೆಯಲ್ಲಿ ನಾನು ಮೂವತ್ತು ಮನೆಗೂ ಮತ್ತೆ ಹೋದೆ. ಈ ಸಲ ಮೊದಲು ನನ್ನ ಮನೆಯದು ಹೇಳಿದೆ. ಆಮೇಲೆ ಅವರು ಹೇಳಿದರು. ಒಬ್ಬ ಅತ್ತೆ ಮಾತ್ರ, "ಯಾಕ ಕೆದರ್ತಿ ವಿರುಪಕ್ಕ" ಎಂದು ಬಾಗಿಲು ಹಾಕಿಕೊಂಡು, ಸಂಜೆ ತಾನೇ ನಮ್ಮ ಮನೆಗೆ ಬಂದು ಅತ್ತಳು.

ಮೀನಾಕ್ಷಿಯನ್ನೂ ಸೇರಿಸಿ ಇಪ್ಪತ್ತೆರಡು ಮಂದಿಯ ಕೂಸು ಹೋಗಿವೆ. ಅವರಲ್ಲಿ ಹದಿನೆಂಟು ಮಂದಿ ಏಳರ ಮೇಲೂ ನಾಟಿಗೆ ಹೋದವರು. ಉಳಿದ ಒಂಬತ್ತು ಮಂದಿ ನಿಜವಾಗಿ ತವರಿಗೆ ಹೋದವರು, ಅವರ ಕೂಸುಗಳು ಚೆನ್ನಾಗಿವೆ. ಅವರಲ್ಲಿ ನಾಟಿಗೆ ಹೋದವರು ಇಬ್ಬರು. ಫಾರಂಗಳು ಈ ಕಟ್ಟಿನಲ್ಲಿವೆ.

ವಿರೂಪಮ್ಮ


ಬಳ್ಳಾರಿ
10 ನವೆಂಬರ್ 2024

ಅಕ್ಕ,

ಆ ಮೂವತ್ತೊಂದು ಸಾಲುಗಳನ್ನು ವಾಪಸ್ ಹಾಕಿದೆ. ಏಳು ತಿಂಗಳ ನಂತರ ನಾಟಿಗೆ ಹೋದ ನೂರ ಎಂಟು ಮಂದಿಯಲ್ಲಿ ಮೂವತ್ತೊಂಬತ್ತು ಕೂಸುಗಳಿಗೆ ತೊಂದರೆಯಾಗಿದೆ. ಮನೆಯಲ್ಲಿದ್ದ ನೂರ ಮೂವತ್ತೆರಡರಲ್ಲಿ ಇಪ್ಪತ್ತೆಂಟು. ನಲವತ್ತೆಂಟು ಪೈಸೆ ಇದ್ದದ್ದು ಒಂದು ಪೈಸೆಗೆ ಇಳಿದಿದೆ. ನೀವು ಅಂಜಿದ್ದಕ್ಕೆ ಆಧಾರವಿತ್ತು.

ಸರ್‌ಗೆ ತೋರಿಸಿದೆ. "ಪ್ರಬಂಧ ಅಚ್ಚಾಗಿದೆ, ಥೀಸಿಸ್ ಕೊಡಲು ಒಂದೂವರೆ ತಿಂಗಳಿದೆ. ಇದನ್ನು ಮುಂದಿನ ಸಂಶೋಧನೆಗೆ ಇಟ್ಟುಕೊ" ಎಂದರು. ಒಪ್ಪಲಿಲ್ಲ ನಾನು. ಹಾಗಾದರೆ ಬೇರೆ ಗೈಡ್ ನೋಡಿಕೋ ಎಂದರು. ಪ್ರಬಂಧ ವಾಪಸ್ ಪಡೆಯುತ್ತೇನೆಂದು ಪತ್ರಿಕೆಗೆ ಬರೆದಿದ್ದೇನೆ. ಡಿಸೆಂಬರಿಗೆ ಏನೂ ಮುಗಿಯುವುದಿಲ್ಲ. ಮುಂದೇನೆಂದು ನನಗೂ ಗೊತ್ತಿಲ್ಲ.

ಮೀನಾಕ್ಷಿಯ ಈ ಸಲದ ಬಸಿರು ನಮ್ಮ ಪಟ್ಟಿಯಲ್ಲಿ ಇಲ್ಲ. ಕುರುಗೋಡಿಗೆ ಹೋಗಿ ಅವಳನ್ನೂ, ಆ ಭಾಗದಲ್ಲಿ ತವರಿಗೆ ಬಂದಿರುವ ಬೇರೆಯವರನ್ನೂ ಕೇಳಬೇಕು. ಮೊದಲು ಅವಳ ಕಾಲಿಗೆ ಬೀಳಬೇಕು. ನಿನ್ನನ್ನು ನಾಟಿಗೆ ಕಳಿಸಲು ಹೇಳಿದವಳು ನಾನು ಎಂದು ಅವಳೆದುರು ಹೇಳದೆ ನನ್ನಿಂದ ಇರಲಾಗದು. ನೀವು ಹೂಂ ಅಂದರೆ ಹೋಗುತ್ತೇನೆ.

ಅಂಜನಾ


ಹಚ್ಚೊಳ್ಳಿ
24 ನವೆಂಬರ್ 2024

ಅಂಜನಾ,

ಹೋಗು. ಆದರೆ ಕಾಲಿಗೆ ಬೀಳಬೇಡ, ಆ ಮಾತನ್ನೂ ಹೇಳಬೇಡ.

ಹೋದ ಸೋಮವಾರ ನಾನು ಕುರುಗೋಡಿಗೆ ಹೋಗಿದ್ದೆ. ಮೀನಾಕ್ಷಿ ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ತೊಟ್ಟು ಬಿಡಿಸುತ್ತಲೇ, "ಮೊದಲ್ನೇದು ಹೋದಮ್ಯಾಲ ಹೊಸ್ತಲಾ ದಾಟಾಕ ಬಿಟ್ಟಿದ್ದಿಲ್ಲ ನೀನು. ಈ ಸಲ ಯಾಕ ಕಳಿಸಿದಿ? ಯಾರು ಹೇಳಿದ್ರು ನಿನಗ?" ಎಂದು ಕೇಳಿದಳು.

"ಯಾರೂ ಹೇಳಿಲ್ಲ. ಮಂದಿ ಬಾಯಿಗಂಜಿ ನಾನ ಕಳಿಸಿದೆ" ಅಂದೆ.

ಆಗ ತಲೆ ಎತ್ತಿ ನೋಡಿದಳು. ಆಮೇಲೆ ಒಳಗೆ ಹೋದಳು, ನಾನು ಬಸ್ಸಿಗೆ ಹೊರಡುವವರೆಗೂ ಹೊರಗೆ ಬರಲಿಲ್ಲ. ಇನ್ನು ಹಚ್ಚೊಳ್ಳಿಗೆ ಬರುವುದಿಲ್ಲವೆಂದು ಅವಳ ತಾಯಿ ಹೇಳಿದರು. ಚನ್ನಬಸವನೂ ನನ್ನ ಹತ್ತಿರ ಮಾತಾಡುತ್ತಿಲ್ಲ.

ನಿನ್ನ ಮೇಲಿನ ಮಮತೆಗೆ ನಿನ್ನ ಹೆಸರು ಮುಚ್ಚಿಟ್ಟೆ ಅಂದುಕೊಳ್ಳಬೇಡ. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ನೀನು ನಿಜ ಹೇಳಿದರೆ ನಿನ್ನ ಎದೆ ಹಗುರಾಗುತ್ತದೆ, ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳು ಹಾಕಿಕೊಂಡರೆ ಆ ಓಣಿಯಲ್ಲಿ ತವರಿಗೆ ಬಂದು ಕೂತಿರುವ ಉಳಿದವರೂ ಹಾಕಿಕೊಳ್ಳುತ್ತಾರೆ. ಆಮೇಲೆ ಯಾರನ್ನು ಕೇಳುತ್ತೀ? ಮುಂದಿನ ನಾಟಿಗೆ ನಮ್ಮೂರಲ್ಲಿ ಈಗಲೇ ಐದು ಮಂದಿ ಬಸುರಿಯರಿದ್ದಾರೆ. ಮಂಜಮ್ಮ ಅವರ ಹೆಸರು ಬರೆದುಕೊಂಡು ಹೋಗಿದ್ದಾಳೆ.

ಬಳ್ಳಾರಿಯಿಂದ ಕುರುಗೋಡು ಬಸ್ಸಿಗೆ ಬೆಳಿಗ್ಗೆ ಹೊರಟರೆ ಅವಳು ಮನೆಯಲ್ಲಿ ಸಿಗುತ್ತಾಳೆ. ಕಾಲೇಜಿನಿಂದ ಬಂದಿದ್ದೇನೆ ಎಂದು ಹೇಳು. ನನ್ನ ಹೆಸರನ್ನೂ ಎತ್ತಬೇಡ. ನೀರು ಕೊಡುತ್ತಾಳೆ, ಕುಡಿ. ಎದುರಿಗೆ ಕೂತು ನಿಧಾನವಾಗಿ ಕೇಳು. ಯಾಕೆ ಹೋದಿ ಎಂಬ ಪ್ರಶ್ನೆ ಬಂದಾಗ ಅತ್ತೆ ಕಳಿಸಿದಳು ಅನ್ನುತ್ತಾಳೆ. ಅವಳು ಹೇಳಿದಂತೆಯೇ ಬರೆದುಕೋ.

ವಿರೂಪಮ್ಮ